ಕಾಟಕಾಯಿ
ಕಾಟಕಾಯಿ: ಲೂಟಿ, ಸುಲಿಗೆ, ಪುಂಡರ ದಾಳಿ. ಆಡಿದ್ದು ಆಟವಾದಂತೆ ಕಾಡಿದ್ದು ಕಾಟ. ಪದದ ಮೊದಲಲ್ಲೇ ಅದು ಕೂತಿದೆ. ದಕ್ಷಿಣ ಕನ್ನಡದಲ್ಲಿ ಒಂದು ರೈತ ಬಂಡಾಯಕ್ಕೆ ‘ಕಲ್ಯಾಣಪ್ಪನ ಕಾಟಕಾಯಿ’ ಎಂದೇ ರೂಢಿ. 1834ರಲ್ಲಿ ಕೊಡಗನ್ನು ನುಂಗಿದ ಈಸ್ಟ್ ಇಂಡಿಯಾ ಕಂಪನಿ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿ, ದವಸದ ರೂಪದಲ್ಲಿ ಸಲ್ಲುತ್ತಿದ್ದ ಕಂದಾಯವನ್ನು ನಗದಾಗಿ ಕೇಳಿತು. 1837ರಲ್ಲಿ ಕಲ್ಯಾಣಪ್ಪನ ಹೆಸರಿನಲ್ಲಿ ರೈತರು ದಂಡು ಕಟ್ಟಿದರು. ಬೆಳ್ಳಾರೆಯ ಖಜಾನೆ ಹಿಡಿದು, ಮಂಗಳೂರಿಗೇ ನುಗ್ಗಿ, ಬಾವುಟಗುಡ್ಡದಲ್ಲಿ ತಮ್ಮ ಧ್ವಜ ಏರಿಸಿದರು. ಖಜಾನೆ ಕಳೆದುಕೊಂಡವರಿಗೆ ಅದು ಸುಲಿಗೆ, ಸರಿ. ಆದರೆ ಬಂಡೆದ್ದವರ ಊರಿನವರೂ ಅದೇ ಹೆಸರು ಹಿಡಿದರಲ್ಲ! ಈಚೆಗೆ ಇತಿಹಾಸಕಾರರು ‘ಅಮರ ಸುಳ್ಯ ಹೋರಾಟ’ ಎನ್ನುತ್ತಾರೆ. ಅದರ ನಾಯಕರಲ್ಲೊಬ್ಬರಾದ ಕೆದಂಬಾಡಿ ರಾಮಯ್ಯ ಗೌಡರ ಪ್ರತಿಮೆ ಮಂಗಳೂರಿನಲ್ಲಿ ಅನಾವರಣಗೊಂಡದ್ದು 2022ರಲ್ಲಿ.