ಹೊಟ್ಟೆಪಟ್ಟಿಯಿಂದ ಕ್ಲೋರೋಫಾರಂವರೆಗೆ

ಹೊಟ್ಟೆಯ ಗೋಡೆ ಸಡಿಲವಾದ ಕಡೆ ಒಳಗಿನ ಕೊಬ್ಬೋ ಕರುಳೋ ಹೊರಗೆ ಉಬ್ಬಿದರೆ ಅದೇ ಹರ್ನಿಯಾ. ಆಯುರ್ವೇದದಲ್ಲಿ ಇದಕ್ಕೆ ಹತ್ತಿರದ ಹೆಸರು ಅಂತ್ರವೃದ್ಧಿ. ಹಿಂದೆ ಮಲಗಿಕೊಂಡು ಉಬ್ಬನ್ನು ಮೆಲ್ಲಗೆ ಒಳಗೆ ತಳ್ಳಿ, ಮೇಲೆ ಬಟ್ಟೆಪಟ್ಟಿ ಅಥವಾ ಸ್ಪ್ರಿಂಗ್ ಬೆಲ್ಟ್ ಬಿಗಿಯುತ್ತಿದ್ದರು. ಎಚ್ಚರವಿದ್ದಾಗಲೇ ಹೊಟ್ಟೆ ಕೊಯ್ಯಿಸಿಕೊಳ್ಳುವುದಕ್ಕಿಂತ ಪಟ್ಟಿಯೇ ವಾಸಿ ಅನ್ನಿಸಿದ್ದರಲ್ಲಿ ಆಶ್ಚರ್ಯವೇನು?

ಆ ಭಯ ಕಳೆದ ಕಥೆಯಲ್ಲಿ ನಮ್ಮ ಹೈದರಾಬಾದಿಗೂ ಪಾಲಿದೆ ಎನ್ನುವುದು ನನಗೆ ಹೆಮ್ಮೆ. ಬೀದರ್, ಕಲಬುರಗಿ, ರಾಯಚೂರು ಕೂಡ ನಿಜಾಮರ ರಾಜ್ಯದಲ್ಲೇ ಇದ್ದ ಕಾಲವದು. ರೆಸಿಡೆನ್ಸಿ ಸರ್ಜನ್ ಎಡ್ವರ್ಡ್ ಲಾರಿ ಅವರು ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ನೆರವಿನಿಂದ 1888 ಮತ್ತು 1889ರಲ್ಲಿ ಎರಡು ಕ್ಲೋರೋಫಾರಂ ಆಯೋಗಗಳನ್ನು ನಡೆಸಿದರು. ಅದರಿಂದ ಹೃದಯಕ್ಕೆ ನೇರ ಅಪಾಯವಿಲ್ಲ ಎಂಬ ಅವರ ತೀರ್ಮಾನ ಮುಂದೆ ತಪ್ಪೆಂದು ತಿಳಿಯಿತು. ಆದರೆ ರೋಗಿಯ ಉಸಿರಾಟದ ಮೇಲೆ ಸದಾ ಕಣ್ಣಿಡಬೇಕೆಂಬ ಪಾಠ ಉಳಿಯಿತು. ಇಲ್ಲಿನ ವೈದ್ಯಕೀಯ ಶಾಲೆಯಲ್ಲಿ ಕಲಿತ ರೂಪಾಬಾಯಿ ಫರ್ದೂನ್‌ಜಿ ಅವರನ್ನು ಜಗತ್ತಿನ ಮೊದಲ ಮಹಿಳಾ ಅರಿವಳಿಕೆ ತಜ್ಞೆ ಎಂದು ಗುರುತಿಸುತ್ತಾರೆ. ಅದೇ ದಶಕದಲ್ಲಿ ಇಟಲಿಯ ಎಡೊಆರ್ಡೊ ಬಸ್ಸಿನಿ ತೊಡೆಸಂದಿನ ಹರ್ನಿಯಾವನ್ನು ಪದರಪದರವಾಗಿ ಹೊಲಿಯುವ ವಿಧಾನ ತೋರಿಸಿದರು.

ಆದರೂ ಪಟ್ಟಿ ಹೋಗಲಿಲ್ಲ. ಬಾಣಂತಿಯ ಹೊಟ್ಟೆಗೆ ಹಳೆ ಸೀರೆ ಬಿಗಿಯುವ ಪದ್ಧತಿ ನಮ್ಮ ಮನೆಗಳಲ್ಲಿ ಇನ್ನೂ ಇದೆ. ಅದರಿಂದ ಸೊಂಟಕ್ಕೆ ಆಸರೆ ಸಿಗಬಹುದು, ಹರ್ನಿಯಾದ ಕಿಂಡಿ ಮುಚ್ಚುವುದಿಲ್ಲ. ಬೆಲ್ಟ್ ಕೂಡ ಅಷ್ಟೇ. ತೂಕ ಇಳಿಸುವುದು, ಕೆಮ್ಮು ಮತ್ತು ಮಲಬದ್ಧತೆಗೆ ಚಿಕಿತ್ಸೆ ಪಡೆಯುವುದು ಒಳ್ಳೆಯದೇ. ಇವೂ ಕಿಂಡಿ ಮುಚ್ಚವು.

ಹಾಗಾದರೆ ಆಪರೇಷನ್ ಇಲ್ಲದೆ ಕಾಯಬಹುದೇ? ತೊಂದರೆ ಕೊಡದ ತೊಡೆಸಂದಿನ ಹರ್ನಿಯಾ ಇದ್ದವರು ಕಾಯಬಹುದು ಎಂದು ಅಮೆರಿಕದ ಪ್ರಸಿದ್ಧ ಅಧ್ಯಯನವೊಂದು 2006ರಲ್ಲಿ ಹೇಳಿತು. ಅದರಲ್ಲಿದ್ದವರು ಸುಮಾರು 720 ಮಂದಿ, ಎಲ್ಲರೂ ಗಂಡಸರು! ಅವರಲ್ಲೂ ಕಾಯುತ್ತಿದ್ದ ಗುಂಪಿನ ಸುಮಾರು ಕಾಲುಭಾಗ ಎರಡು ವರ್ಷದೊಳಗೆ ಆಪರೇಷನ್ ಮಾಡಿಸಿಕೊಂಡರು. ಹೆಂಗಸರಲ್ಲಿ ತೊಡೆಯ ಬುಡದ ಫೆಮೊರಲ್ ಹರ್ನಿಯಾ ಗಂಡಸರಿಗಿಂತ ಹೆಚ್ಚು. ಅದರಲ್ಲಿ ಕರುಳು ಸಿಕ್ಕಿಕೊಳ್ಳುವ ಅಪಾಯವೂ ಹೆಚ್ಚು. ಆದ್ದರಿಂದ ತೊಡೆಸಂದಿನ ಹರ್ನಿಯಾ ಇರುವ ಹೆಂಗಸರು ತಡ ಮಾಡಬಾರದೆಂದು ವೈದ್ಯರು ಹೇಳುತ್ತಾರೆ. ಹೊಕ್ಕುಳಿನ ಬಳಿ ಸಣ್ಣ, ನೋವಿಲ್ಲದ ಉಬ್ಬಿದ್ದರೆ ವೈದ್ಯರ ಸಲಹೆಯಂತೆ ಕಾಯಬಹುದು.

ಗೆಳತಿಯರೇ, ಸೀರೆಯ ನೆರಿಗೆಯಡಿ ಉಬ್ಬನ್ನು ಮುಚ್ಚಿಟ್ಟು ಸಂಕೋಚಪಡಬೇಡಿ. ಉಬ್ಬು ಗಟ್ಟಿಯಾಗಿ ಒಳಗೆ ಹೋಗದಿದ್ದರೆ, ಜೋರು ನೋವು ಅಥವಾ ವಾಂತಿ ಶುರುವಾದರೆ, ಅದನ್ನು ಒತ್ತುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.