ದಸರೆಯ ಸಭೆಯೂ ಸಂಸ್ಥಾನದ ಆಸ್ಪತ್ರೆಗಳೂ

ಮೈಸೂರು ಸಂಸ್ಥಾನದ ಚರಿತ್ರೆಯನ್ನು ಬರೆದ ಮಹನೀಯರು ಯುದ್ಧಗಳನ್ನೂ ಸಂಧಿಗಳನ್ನೂ ಅಣೆಕಟ್ಟುಗಳನ್ನೂ ಕುರಿತು ವಿಸ್ತಾರವಾಗಿ ಬರೆದಿದ್ದಾರೆ. ಆಸ್ಪತ್ರೆಗಳ ವಿಷಯಕ್ಕೆ ಅವರ ಗ್ರಂಥಗಳಲ್ಲಿ ದೊರೆತಿರುವ ಸ್ಥಳವು ಅಲ್ಪ. ಆದರೆ ದಿವಾನರಾದವರು ವರ್ಷಂಪ್ರತಿ ದಸರೆಯ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆಯ ಮುಂದೆ ನಿಂತು ಒಪ್ಪಿಸುತ್ತಿದ್ದ ರಾಜ್ಯಭಾರದ ವರದಿಗಳನ್ನು ಒಂದರ ಹಿಂದೊಂದಾಗಿ ನೋಡುತ್ತ ಹೋದರೆ, ಕಂದಾಯ, ರೈಲು, ಕೆರೆಕಾಲುವೆಗಳ ನಡುವೆ ವೈದ್ಯ ಇಲಾಖೆಯ ಮಾತೂ ತಪ್ಪದೆ ಬರುವುದು ಕಂಡುಬರುತ್ತದೆ. ಆಸ್ಪತ್ರೆಗಳು ಹೇಗೆ ನಡೆಯುತ್ತಿವೆ, ಏನು ಹೆಚ್ಚಿದೆ, ಏನು ಬದಲಾಗಿದೆ ಎಂಬುದನ್ನು ಆಳುವವರು ಆಳಿಸಿಕೊಳ್ಳುವವರಿಗೆ ಹೇಳಬೇಕೆಂಬ ಪದ್ಧತಿಯು ನಮ್ಮ ನಾಡಿನಲ್ಲಿ ಬೇರೂರಿದ್ದು ಹೀಗೆ. ಆ ಪದ್ಧತಿಯ ಕಥೆಯನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

1881ನೆಯ ಮಾರ್ಚಿ 25ರಂದು ಶ್ರೀ ಚಾಮರಾಜೇಂದ್ರ ಒಡೆಯರವರಿಗೆ ರಾಜ್ಯವು ಹಿಂದಕ್ಕೆ ಬಂದಿತು. ಬಂದದ್ದು ಎಂತಹ ರಾಜ್ಯ? 1871ರ ಜನಗಣತಿಯಲ್ಲಿ 50 ಲಕ್ಷಕ್ಕೆ ಮೇಲ್ಪಟ್ಟಿದ್ದ ಪ್ರಜೆಗಳು 1881ರ ವೇಳೆಗೆ 42 ಲಕ್ಷಕ್ಕೂ ಕೆಳಗಿಳಿದಿದ್ದರು. ನಡುವೆ ಬಂದುಹೋದದ್ದು 1876ರಿಂದ 1878ರವರೆಗಿನ ಮಹಾಕ್ಷಾಮ. ಹಸಿವಿನಿಂದ ಸತ್ತವರೊಡನೆ, ಹಸಿವಿನ ಬೆನ್ನಿಗೆ ಬಂದ ವಾಂತಿಭೇದಿ ಮತ್ತು ಜ್ವರಗಳಿಂದ ಸತ್ತವರೂ ಅದರಲ್ಲಿ ಸೇರಿದ್ದಾರೆ. ದಿವಾನ್ ರಂಗಾಚಾರ್ಲು ಅವರು ಅದೇ ವರ್ಷದ ಅಕ್ಟೋಬರು 7ರಂದು ಪ್ರಥಮ ಸಭೆಯನ್ನು ಕೂಡಿಸಿದಾಗ, ತಾಲ್ಲೂಕುಗಳಿಂದ ಬಂದಿದ್ದ ರೈತರೂ ವರ್ತಕರೂ ಸೇರಿ 144 ಮಂದಿ ಸದಸ್ಯರು ಈ ದುರಂತವನ್ನು ಕಣ್ಣಾರೆ ಕಂಡವರೇ ಆಗಿದ್ದರು. ಅವರಿಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ, ಹಣವನ್ನು ತಡೆಯುವ ಅಧಿಕಾರವೂ ಇರಲಿಲ್ಲ. ದಿವಾನರ ವರದಿಯನ್ನು ಕೇಳುವುದು, ತಮ್ಮ ಊರಿನ ಕಷ್ಟವನ್ನು ಅರಿಕೆ ಮಾಡಿಕೊಳ್ಳುವುದು, ಇಷ್ಟೇ. ಇದು ಬರಿಯ ಉತ್ಸವದ ಅಲಂಕಾರವೆಂದು ಹಾಸ್ಯ ಮಾಡಿದವರೂ ಉಂಟು. ನನಗೆ ಆ ಮಾತು ಒಪ್ಪಿತವಲ್ಲ. ವರ್ಷಕ್ಕೊಮ್ಮೆ ಲೆಕ್ಕ ಒಪ್ಪಿಸಲೇಬೇಕೆಂದು ತಿಳಿದಿರುವ ಅಧಿಕಾರಿಯ ನಡೆಯು ಲೆಕ್ಕವಿಲ್ಲದವನ ನಡೆಯಂತೆ ಇರುವುದಿಲ್ಲ.

ಹೊಸ ವೈದ್ಯವನ್ನು ಜನರಿಗೆ ಒಗ್ಗಿಸುವ ಪ್ರಯತ್ನವು ಈ ಸಭೆಗಿಂತ ಹಳೆಯದು. 1805ರ ಸುಮಾರಿನಲ್ಲಿ ಥಾಮಸ್ ಹಿಕಿ ಎಂಬ ಚಿತ್ರಕಾರನು ಬರೆದ ಮೂವರು ಅರಸುಮನೆತನದ ಸ್ತ್ರೀಯರ ಚಿತ್ರಪಟವೊಂದಿದೆ. ಮುಮ್ಮಡಿ ಕೃಷ್ಣರಾಜ ಒಡೆಯರವರ ಅಂತಃಪುರದವರು ಸಿಡುಬಿಗೆ ದೇವಿ ಹಾಕಿಸಿಕೊಂಡುದನ್ನು ತೋರಿಸಿ ಪ್ರಜೆಗಳಿಗೆ ಧೈರ್ಯ ಹೇಳುವುದಕ್ಕಾಗಿಯೇ ಅದನ್ನು ಬರೆಸಿರಬೇಕೆಂದು ಇತ್ತೀಚಿನ ವಿದ್ವಾಂಸರು ಊಹಿಸಿದ್ದಾರೆ. ಊಹೆಯು ನಿಜವಾಗಿದ್ದರೆ, ಸೆರಗನ್ನು ಸರಿಸಿ ತೋಳನ್ನು ತೋರಿಸಿದ ಆ ರಾಣಿಯವರ ಸಾಹಸವು ದಿವಾನರ ಎಷ್ಟೋ ಭಾಷಣಗಳಿಗೆ ಮೇಲಾದುದು.

ರಂಗಾಚಾರ್ಲು ಅವರು ಬಹುಕಾಲ ಇರಲಿಲ್ಲ. 1883ರಲ್ಲಿ ಸರ್ ಕೆ. ಶೇಷಾದ್ರಿ ಅಯ್ಯರವರು ದಿವಾನರಾಗಿ 1901ರವರೆಗೆ ಆ ಪದವಿಯಲ್ಲಿದ್ದರು. 1897ನೆಯ ಜೂನ್ 22ರಂದು, ವಿಕ್ಟೋರಿಯಾ ರಾಣಿಯ ಆಳ್ವಿಕೆಯ 60ನೆಯ ವರ್ಷದ ಸ್ಮರಣಾರ್ಥವಾಗಿ, ರೀಜೆಂಟರಾಗಿದ್ದ ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ಬೆಂಗಳೂರಿನ ಕೋಟೆಯ ಬಳಿ ಒಂದು ದೊಡ್ಡ ಆಸ್ಪತ್ರೆಗೆ ಶಂಕುಸ್ಥಾಪನೆ ಮಾಡಿದರು. ಕಲ್ಲುಗಳು ಗೋಡೆಗಳಾಗುವ ಮುನ್ನವೇ ಆ ನಗರಕ್ಕೆ ಪ್ಲೇಗುಮಾರಿಯು ಬಂದಿತು.

ಇಲ್ಲಿ ಸ್ವಲ್ಪ ನಿಧಾನಿಸಬೇಕಾಗಿದೆ. 1898ನೆಯ ಆಗಸ್ಟಿನಲ್ಲಿ ಹುಬ್ಬಳ್ಳಿಯ ಕಡೆಯಿಂದ ರೈಲಿನ ಮಾರ್ಗವಾಗಿ ಬಂದ ಈ ವ್ಯಾಧಿಯು ಕೆಲವೇ ವಾರಗಳಲ್ಲಿ ಪೇಟೆಯ ಇಕ್ಕಟ್ಟಾದ ಬೀದಿಗಳನ್ನು ತುಂಬಿತು. ವಿ. ಪಿ. ಮಾಧವರಾಯರು ಪ್ಲೇಗು ಕಮಿಷನರಾಗಿ ನೇಮಿಸಲ್ಪಟ್ಟರು. ರೋಗಿಯನ್ನು ಮನೆಯಿಂದ ಎತ್ತಿಕೊಂಡು ಹೋಗಿ ಪ್ರತ್ಯೇಕದ ಆಸ್ಪತ್ರೆಗೆ ಸೇರಿಸುವುದು, ಮನೆಯವರನ್ನು ಶಿಬಿರದಲ್ಲಿರಿಸುವುದು, ಹೆಂಚು ತೆಗೆದು ಒಳಗೆ ಬಿಸಿಲು ಬೀಳಿಸುವುದು, ಗೋಡೆಗಳಿಗೆ ಔಷಧದ ನೀರು ಹೊಡೆಯುವುದು, ಇವೇ ಅಂದಿನ ಕ್ರಮಗಳು. ಮನೆಯ ಹೆಣ್ಣುಮಕ್ಕಳ ಕಂಕುಳನ್ನೂ ತೊಡೆಯನ್ನೂ ಗಂಟಿಗಾಗಿ ಪರೀಕ್ಷಿಸುವ ವಿಚಾರವು ಬಂದಾಗ ಜನರು ಎಷ್ಟು ಕೆರಳಿರಬಹುದೆಂಬುದನ್ನು ವಾಚಕರೇ ಯೋಚಿಸಬಹುದು. ಆಸ್ಪತ್ರೆಗೆ ಹೋದವನು ಮರಳುವುದಿಲ್ಲವೆಂಬ ಸುದ್ದಿ ಹಬ್ಬಿತು. ಅದು ಪೂರ್ತಿ ಸುಳ್ಳೂ ಅಲ್ಲ. ಆ ರೋಗವು ಹಿಡಿದವರಲ್ಲಿ ಉಳಿಯುತ್ತಿದ್ದವರೇ ಕಡಿಮೆ. ರೋಗಿಗಳನ್ನು ಅಟ್ಟದ ಮೇಲೆ ಮುಚ್ಚಿಟ್ಟರು, ಶವಗಳನ್ನು ರಾತ್ರಿಯಲ್ಲಿ ಸಾಗಿಸಿದರು. ಶ್ರೀರಂಗಪಟ್ಟಣದ ಬಳಿಯ ಗಂಜಾಮಿನಲ್ಲಿ ಅದೇ ವರ್ಷ ದೊಡ್ಡ ದೊಂಬಿಯೇ ಆಯಿತು.

ಇಂದು ವಿಚಾರಿಸಿ ನೋಡಿದರೆ ಎರಡು ಪಕ್ಷಗಳೂ ಕತ್ತಲೆಯಲ್ಲಿದ್ದುವು. ಇಲಿಯ ಮೈಮೇಲಿನ ಚಿಗಟವೇ ಈ ವಿಷವನ್ನು ಮನುಷ್ಯನಿಗೆ ತರುತ್ತದೆಂದು ಪಾಲ್ ಲೂಯಿ ಸಿಮೋಂಡನು ಅದೇ 1898ರಲ್ಲಿ ಹೇಳಿದ್ದರೂ, ವೈದ್ಯಲೋಕವು ಅದನ್ನು ನಂಬಲು ಇನ್ನೂ ಹಲವು ವರ್ಷಗಳು ಹಿಡಿದುವು. ಆದಕಾರಣ ಗೋಡೆಗೆ ಹೊಡೆದ ಔಷಧದಿಂದ ಆದ ಉಪಕಾರವು ಅತ್ಯಲ್ಪ. ಇಲಿ ಬಿದ್ದೊಡನೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡ ಹಳ್ಳಿಗರು ಮಾಡಿದ್ದೇ ಸರಿಯಾದ ಕೆಲಸವಾಗಿತ್ತು. ನಮ್ಮ ಅಜ್ಜಿಯವರು ಬಾಲ್ಯದಲ್ಲಿ ಹಾಗೆ ಎರಡು ಸಲ ಊರು ಬಿಟ್ಟವರು. ಗುಡಿಸಲಿನಲ್ಲಿ ಕಳೆದ ದಿನಗಳನ್ನು ಅವರು ಸಂತೋಷದ ಕಾಲವೆಂಬಂತೆ ವರ್ಣಿಸುತ್ತಿದ್ದರು. ಮನೆಗೆ ಮರಳಿದಾಗ ಯಾರ ಯಾರ ಬಾಗಿಲು ತೆರೆಯಲಿಲ್ಲವೆಂಬುದನ್ನು ಮಾತ್ರ ಹೇಳುತ್ತಿರಲಿಲ್ಲ. ಸರ್ಕಾರಕ್ಕೂ ಕ್ರಮೇಣ ಬುದ್ಧಿ ಬಂದಿತು. ಬಲಾತ್ಕಾರದ ಕ್ರಮಗಳು ಸಡಿಲವಾಗಿ, ಸ್ಥಳವನ್ನು ತೆರವು ಮಾಡುವುದಕ್ಕೂ ಹ್ಯಾಫ್‌ಕಿನ್ ಪಂಡಿತನ ಸೂಜಿಮದ್ದಿಗೂ ಪ್ರಾಧಾನ್ಯ ದೊರೆಯಿತು. ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರಗಳು ಅಗಲವಾದ ಬೀದಿಗಳೊಡನೆ ಬೆಳೆದದ್ದೂ ಈ ಭಯದ ಫಲವೇ.

ಇಂತಹ ವರ್ಷಗಳಲ್ಲಿ ದಿವಾನರಾದವರು ಸಭೆಯ ಮುಂದೆ ನಿಂತು ಸಾವಿನ ಲೆಕ್ಕವನ್ನು ಹೇಳಬೇಕಾಯಿತು. ಹೊಸ ಕಟ್ಟಡಗಳನ್ನು ಎಣಿಸಿ ಹೇಳುವುದು ಸುಲಭ. ತಾವು ಕೈಗೊಂಡ ಕ್ರಮವನ್ನೇ ಜನರು ದ್ವೇಷಿಸಿದರೆಂದು ಹೇಳುವುದು ಸುಲಭವಲ್ಲ. ವರದಿಯೆಂಬುದರ ಸತ್ತ್ವಪರೀಕ್ಷೆಯು ನಡೆಯುವುದು ಇಂತಹ ಕಾಲದಲ್ಲಿಯೇ.

ಆ ಮಹಾ ಆಸ್ಪತ್ರೆಯು 1900ನೆಯ ಡಿಸೆಂಬರು 8ರಂದು ವೈಸರಾಯ್ ಕರ್ಜನ್ ಪ್ರಭುಗಳಿಂದ ತೆರೆಯಲ್ಪಟ್ಟು ವಿಕ್ಟೋರಿಯಾ ಆಸ್ಪತ್ರೆಯೆನಿಸಿತು. 1896ರಲ್ಲಿ ಒಂದು ಬಾಡಿಗೆಯ ಮನೆಯಲ್ಲಿ ಆರಂಭವಾಗಿದ್ದ ಕಣ್ಣಿನ ಆಸ್ಪತ್ರೆಯು 1913ರಲ್ಲಿ ಸ್ವಂತ ಕಟ್ಟಡವನ್ನು ಪಡೆದು ಮಿಂಟೋ ಪ್ರಭುವಿನ ಹೆಸರನ್ನು ಹೊತ್ತಿತು. ಪ್ಲೇಗಿನ ಭಯದಿಂದ ಆಸ್ಪತ್ರೆಯೆಂದರೆ ಓಡುತ್ತಿದ್ದ ಜನರು ಕಣ್ಣಿನ ಆಸ್ಪತ್ರೆಗೆ ಮಾತ್ರ ಓಡಿಬಂದರೆಂಬುದು ಗಮನಿಸತಕ್ಕ ವಿಷಯ. ಪೊರೆ ತೆಗೆಸಿಕೊಂಡ ಮುದುಕನು ಊರಿಗೆ ಹೋಗಿ ಮೊಮ್ಮಗನ ಮುಖವನ್ನು ಕಂಡೆನೆಂದು ಹೇಳಿದರೆ, ಅದಕ್ಕಿಂತ ಬೇರೆ ವರದಿ ಬೇಕಾಗಿರಲಿಲ್ಲ.

ಅರಮನೆಯೂ ರೋಗದಿಂದ ಹೊರತಾಗಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರವರ ಅಕ್ಕಂದಿರಾದ ಕೃಷ್ಣಾಜಮ್ಮಣ್ಣಿಯವರು ಕ್ಷಯಕ್ಕೆ ತುತ್ತಾದರು. ಅವರ ಹೆಸರಿನ ಕ್ಷಯರೋಗದ ಆರೋಗ್ಯಧಾಮವು ಮೈಸೂರಿನಲ್ಲಿ 1921ರಿಂದ ನಡೆದುಬಂದಿದೆ. ಬೆಂಗಳೂರಿನ ಹಳೆಯ ಹುಚ್ಚಾಸ್ಪತ್ರೆಯು 1925ರಲ್ಲಿ ಮಾನಸಿಕ ಆಸ್ಪತ್ರೆಯೆಂದು ಹೆಸರು ಬದಲಿಸಿಕೊಂಡಿತು. ಹೆಸರು ಬದಲಾದ ಮಾತ್ರಕ್ಕೆ ಏನಾಯಿತೆಂದು ಕೇಳುವವರಿಗೆ ನನ್ನ ಉತ್ತರವಿಷ್ಟೆ: ಹುಚ್ಚನನ್ನು ಕೂಡಿಹಾಕುತ್ತಾರೆ, ರೋಗಿಗೆ ಚಿಕಿತ್ಸೆ ಮಾಡುತ್ತಾರೆ. ಆ ಸಂಸ್ಥೆಯೇ ಮುಂದೆ ಬೆಳೆದು 1974ರಲ್ಲಿ ನಿಮ್ಹಾನ್ಸ್ ಆಯಿತು.

ಇನ್ನು ಸ್ತ್ರೀಯರ ವಿಚಾರ. ಸಂಸ್ಥಾನದ ವೈದ್ಯವ್ಯವಸ್ಥೆಯ ಅತ್ಯಂತ ಕಠಿಣವಾದ ಕೆಲಸವು ಇದೇ ಆಗಿತ್ತೆಂದು ತೋರುತ್ತದೆ. ಪುರುಷವೈದ್ಯನ ಮುಂದೆ ಹೆಂಗಸರು ಬರುತ್ತಿರಲಿಲ್ಲ. ಹೆರಿಗೆಯು ಮನೆಯ ಕತ್ತಲೆಯ ಕೋಣೆಯಲ್ಲಿ ಸೂಲಗಿತ್ತಿಯ ಕೈಯಲ್ಲಿ ನಡೆಯತಕ್ಕದ್ದು. ಸೂಲಗಿತ್ತಿಯನ್ನು ಹಳಿಯುವುದು ನನಗೆ ಇಷ್ಟವಿಲ್ಲ. ಅವಳು ಕೈಯಲ್ಲಿ ಎತ್ತಿದ ಮಕ್ಕಳೇ ಈ ನಾಡನ್ನು ತುಂಬಿದ್ದಾರೆ. ಆದರೆ ಮಗುವು ಅಡ್ಡ ಬಂದಾಗ, ರಕ್ತವು ನಿಲ್ಲದಿದ್ದಾಗ, ಅವಳ ವಿದ್ಯೆಯು ಮುಗಿಯುತ್ತಿತ್ತು. ಆದುದರಿಂದ ಹೆಣ್ಣುಮಕ್ಕಳಿಗೆ ಪ್ರಸೂತಿಶಾಸ್ತ್ರವನ್ನು ಕಲಿಸಿ ಕಳುಹಿಸುವ ಪ್ರಯತ್ನವು ನಡೆಯಿತು. 1935ರಲ್ಲಿ ಬೆಂಗಳೂರಿನಲ್ಲಿ ಸ್ತ್ರೀಯರಿಗೂ ಮಕ್ಕಳಿಗೂ ಮೀಸಲಾದ ವಾಣಿವಿಲಾಸ ಆಸ್ಪತ್ರೆಯು ತೆರೆಯಿತು. ಅದಕ್ಕೂ ಮೊದಲೇ, 1930ರಲ್ಲಿ, ಸರ್ ಮಿರ್ಜಾ ಇಸ್ಮಾಯಿಲರವರು ದಿವಾನರಾಗಿದ್ದಾಗ, ಸಂತಾನನಿಯಮನದ ಸಲಹೆಯನ್ನು ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಕೊಡಬೇಕೆಂದು ಆಜ್ಞೆಯಾಯಿತು. ಒಂದು ಸರ್ಕಾರವೇ ಮುಂದೆ ಬಂದು ಇಂತಹ ವ್ಯವಸ್ಥೆ ಮಾಡಿದ್ದು ಪ್ರಪಂಚದಲ್ಲಿ ಅದೇ ಮೊದಲೆಂದು ಹೇಳುತ್ತಾರೆ. ಮನೆಯ ಹಿರಿಯರು ಬಾಯಿ ಬಿಟ್ಟು ಆಡಲು ನಾಚುತ್ತಿದ್ದ ಮಾತನ್ನು ಸರ್ಕಾರವು ಆಡಿತು.

1918ರ ಇನ್‌ಫ್ಲುಯೆಂಜಾ ಜ್ವರದ ವಿಷಯವನ್ನು ವಿಸ್ತರಿಸುವುದಿಲ್ಲ. 1911ರಲ್ಲಿ 58 ಲಕ್ಷವಿದ್ದ ಪ್ರಜೆಗಳು 1921ರಲ್ಲಿ 59 ಲಕ್ಷ ಮತ್ತು ಮುಕ್ಕಾಲು ಮಾತ್ರವಾದರೆಂಬ ಲೆಕ್ಕವೇ ಸಾಕು. ದೊಡ್ಡ ಆಸ್ಪತ್ರೆಗಳಿದ್ದ ನಗರಗಳೂ ಆ ಜ್ವರದ ಮುಂದೆ ಕೈಕಟ್ಟಿ ನಿಂತುವು.

ಇದರಿಂದ ಒಂದು ಪ್ರಶ್ನೆಯು ಮೇಲೆದ್ದಿತು. ರೋಗ ಬಂದ ಮೇಲೆ ಮಂಚ ಹಾಕಿಕೊಡುವುದೊಂದೇ ಸರ್ಕಾರದ ಕೆಲಸವೇ? 1923ರಲ್ಲಿ ಸಭೆಯ ಅಧಿಕಾರಗಳು ಹೆಚ್ಚಿದುವು. ಹೊಸ ತೆರಿಗೆಗೆ ಮುನ್ನ ಸಭೆಯ ಅಭಿಪ್ರಾಯವನ್ನು ಕೇಳಬೇಕಾಯಿತು. ಸ್ತ್ರೀಯರಿಗಿದ್ದ ಅಡ್ಡಿಯೂ ಹೋಯಿತು. ಆ ದಶಕದ ಕೊನೆಯಲ್ಲಿ ಅಮೆರಿಕದ ರಾಕ್‌ಫೆಲ್ಲರ್ ಪ್ರತಿಷ್ಠಾನದ ಸಹಾಯದಿಂದ ಸಾರ್ವಜನಿಕ ಆರೋಗ್ಯದ ಕೆಲಸವು ಹೊಸದಾಗಿ ರೂಪುಗೊಂಡಿತು. ಕ್ಲೋಸ್‌ಪೇಟೆಯೆಂದು ಆಗ ಕರೆಯಲ್ಪಡುತ್ತಿದ್ದ ರಾಮನಗರದಲ್ಲಿ ಹಳ್ಳಿಗಳ ಆರೋಗ್ಯಕ್ಕಾಗಿಯೇ ಒಂದು ಕೇಂದ್ರವು ನಡೆಯಿತು. ನಾಲೆಯ ನೀರು ಹರಿದ ಮಂಡ್ಯದ ಬಯಲಿನಲ್ಲಿಯೂ ಮಲೆನಾಡಿನ ಮೂಡಿಗೆರೆಯಲ್ಲಿಯೂ ಚಳಿಜ್ವರವನ್ನು ತರುವ ಸೊಳ್ಳೆಗಳನ್ನು ಕುರಿತು ಪರಿಶೋಧನೆಗಳಾದುವು. ಗದ್ದೆಗೆ ನೀರು ತಂದ ಇಲಾಖೆಯ ಯಶಸ್ಸು ಒಂದು ಪುಟದಲ್ಲಿ, ಆ ನೀರಿನಲ್ಲಿ ಹುಟ್ಟುವ ಸೊಳ್ಳೆಯ ಚಿಂತೆ ಇನ್ನೊಂದು ಪುಟದಲ್ಲಿ! ಎರಡನ್ನೂ ಒಬ್ಬರೇ ದಿವಾನರು ಒಂದೇ ಸಭೆಗೆ ಹೇಳಬೇಕಾಗಿದ್ದಿತು.

ಈ ವರದಿಗಳಲ್ಲಿ ಒಂದು ಕೊರತೆಯುಂಟು. ಎಷ್ಟು ಔಷಧಾಲಯಗಳು, ಎಷ್ಟು ರೋಗಿಗಳು, ಎಷ್ಟು ಖರ್ಚು ಎಂಬ ಲೆಕ್ಕಗಳು ಸಿಕ್ಕುತ್ತವೆ. ಆಸ್ಪತ್ರೆಯ ಬಾಗಿಲವರೆಗೂ ಬಂದು ಹಿಂದಿರುಗಿದವರ ಲೆಕ್ಕವು ಸಿಕ್ಕುವುದಿಲ್ಲ. ಜಾತಿಯ ಅಂಜಿಕೆಯಿಂದ, ಗಾಡಿಯ ಬಾಡಿಗೆಗೆ ಹಣವಿಲ್ಲದೆ, ಗಂಡನ ಅಪ್ಪಣೆಯಿಲ್ಲದೆ ಬಾರದೆಹೋದವರು ಯಾವ ದಫ್ತರದಲ್ಲಿಯೂ ಇಲ್ಲ. ಅವರ ಸುದ್ದಿಯನ್ನು ಸಭೆಗೆ ತಂದವರು ತಾಲ್ಲೂಕಿನ ಸದಸ್ಯರೇ. ನಮ್ಮೂರಿಗೊಂದು ಔಷಧಾಲಯ ಬೇಕು, ಒಬ್ಬ ಸೂಲಗಿತ್ತಿ ಬೇಕು ಎಂಬಂತಹ ಅವರ ಅರಿಕೆಗಳು ಕೇಳುವವರಿಗೆ ಬೇಸರ ತರುವಷ್ಟು ಒಂದೇ ಬಗೆಯವು. ಚರಿತ್ರಕಾರನಿಗೆ ಅವುಗಳ ಬೆಲೆಯು ದಿವಾನರ ಭಾಷಣದ ಬೆಲೆಗೆ ಕಡಿಮೆಯಲ್ಲ.

1949ರಲ್ಲಿ ಪ್ರಜಾಪ್ರತಿನಿಧಿ ಸಭೆಯು ಕೊನೆಗೊಂಡಿತು. ವಿಕ್ಟೋರಿಯಾ, ವಾಣಿವಿಲಾಸ, ಮಿಂಟೋ ಆಸ್ಪತ್ರೆಗಳು 1955ರಲ್ಲಿ ಆರಂಭವಾದ ಬೆಂಗಳೂರು ವೈದ್ಯಕೀಯ ಕಾಲೇಜಿನೊಡನೆ ಕೂಡಿಕೊಂಡುವು. ನಮ್ಮ ಅಜ್ಜಿಯವರು ತಮ್ಮ ಮಕ್ಕಳೆಲ್ಲರನ್ನೂ ಮನೆಯಲ್ಲಿಯೇ ಹೆತ್ತವರು. ನಮ್ಮ ತಾಯಿಯವರು ನನ್ನನ್ನು ಹೆತ್ತದ್ದು ತಾಲ್ಲೂಕಿನ ಸರ್ಕಾರಿ ಆಸ್ಪತ್ರೆಯಲ್ಲಿ. ಅಂದು ಅಜ್ಜಿಯವರು ಬುತ್ತಿ ಕಟ್ಟಿಕೊಂಡು ಎತ್ತಿನ ಗಾಡಿಯಲ್ಲಿ ಜೊತೆಗೆ ಬಂದು, ಮಗುವಿನ ಅಳು ಕೇಳುವವರೆಗೂ ಹೊರಗಿನ ಜಗಲಿಯಲ್ಲಿಯೇ ಕುಳಿತಿದ್ದರಂತೆ. ಎಷ್ಟು ಕರೆದರೂ ಹೊಸಲು ದಾಟಿ ಒಳಕ್ಕೆ ಬರಲಿಲ್ಲವಂತೆ.