ಗ್ರೂಪ್ ‘ಸಿ’ ಹುದ್ದೆಗಳಿಗೆ ಆನ್‌ಲೈನ್ ಅರ್ಜಿ: ಅಭ್ಯರ್ಥಿಗಳು ಗಮನಿಸಬೇಕಾದ ಅಂಶಗಳು

ದ್ವಿತೀಯ ದರ್ಜೆ ಸಹಾಯಕ, ಗ್ರಾಮ ಆಡಳಿತ ಅಧಿಕಾರಿ ಮುಂತಾದ ಗ್ರೂಪ್ ‘ಸಿ’ ಹುದ್ದೆಗಳಿಗೆ ಕರ್ನಾಟಕ ಲೋಕಸೇವಾ ಆಯೋಗ ಅಥವಾ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಆನ್‌ಲೈನ್ ಮೂಲಕ ಅರ್ಜಿಗಳನ್ನು ಆಹ್ವಾನಿಸುತ್ತದೆ. ಮೊದಲ ಬಾರಿಗೆ ಅರ್ಜಿ ಸಲ್ಲಿಸುವವರಲ್ಲಿ ಹಲವರು ಅರ್ಹತೆಯಿದ್ದೂ ಅರ್ಜಿಯ ಹಂತದಲ್ಲಿಯೇ ಅವಕಾಶ ಕಳೆದುಕೊಳ್ಳುತ್ತಿರುವುದರಿಂದ ಈ ಮಾಹಿತಿಯನ್ನು ಒದಗಿಸಲಾಗಿದೆ.

ಮೀಸಲಾತಿ ಕೋರಿಕೆ

ಹೆಚ್ಚಿನ ನಷ್ಟ ಸಂಭವಿಸುವುದು ಇಲ್ಲಿಯೇ. ಗ್ರಾಮೀಣ ಅಭ್ಯರ್ಥಿಗಳಿಗೆ ಶೇ. 25 ಹಾಗೂ ಕನ್ನಡ ಮಾಧ್ಯಮದಲ್ಲಿ ವ್ಯಾಸಂಗ ಮಾಡಿದವರಿಗೆ ಶೇ. 5ರಷ್ಟು ಹುದ್ದೆಗಳು ಮೀಸಲಾಗಿವೆ. ಇವೆರಡಕ್ಕೂ 1ರಿಂದ 10ನೆಯ ತರಗತಿಯವರೆಗಿನ ವ್ಯಾಸಂಗವೇ ಆಧಾರ. ಹಳ್ಳಿಯಲ್ಲಿ ವಾಸವಿದ್ದು ಪಟ್ಟಣದ ಶಾಲೆಯಲ್ಲಿ ಓದಿದವರು ಗ್ರಾಮೀಣ ಮೀಸಲಾತಿಗೆ ಅರ್ಹರಾಗುವುದಿಲ್ಲ. ಅರ್ಹರಾದವರೂ ಅರ್ಜಿಯಲ್ಲಿಯೇ ಕೋರತಕ್ಕದ್ದು. ಆ ಅಂಕಣವನ್ನು ಖಾಲಿ ಬಿಟ್ಟು, ದಾಖಲೆ ಪರಿಶೀಲನೆಯ ದಿನ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಎರಡೂ ಇರುವ ಪ್ರಮಾಣಪತ್ರವನ್ನು ಹಾಜರುಪಡಿಸಿದರೂ ಪ್ರಯೋಜನವಾಗುವುದಿಲ್ಲ. ಹತ್ತು ವರ್ಷ ಹಳ್ಳಿಯ ಶಾಲೆಯಲ್ಲಿ ಓದಿದವರು ಒಂದು ಗುರುತು ಹಾಕದ ಕಾರಣಕ್ಕೆ ಹುದ್ದೆ ಕಳೆದುಕೊಳ್ಳುವುದು ನಿಜಕ್ಕೂ ವಿಷಾದದ ಸಂಗತಿ.

ಪ್ರವರ್ಗ 2ಎ, 2ಬಿ, 3ಎ ಮತ್ತು 3ಬಿ ಅಭ್ಯರ್ಥಿಗಳ ಜಾತಿ ಮತ್ತು ಆದಾಯ ಪ್ರಮಾಣಪತ್ರದ ಸಿಂಧುತ್ವ 5 ವರ್ಷಗಳು. ಅದು ಅಧಿಸೂಚನೆಯಲ್ಲಿ ತಿಳಿಸಿದ ಕೊನೆಯ ದಿನಾಂಕದಂದು ಚಾಲ್ತಿಯಲ್ಲಿರಬೇಕು. ಅಧಿಸೂಚನೆ ಹೊರಬಿದ್ದ ನಂತರ ನಾಡಕಚೇರಿಯಲ್ಲಿ ಒಮ್ಮೆಲೇ ದಟ್ಟಣೆ ಉಂಟಾಗುವುದರಿಂದ ಮುಂಚಿತವಾಗಿಯೇ ನವೀಕರಿಸಿಕೊಳ್ಳುವುದು ಲೇಸು. ಸಂವಿಧಾನದ 371(ಜೆ) ವಿಧಿಯನ್ವಯ ಸ್ಥಳೀಯ ಮೀಸಲಾತಿ ಕೋರುವ ಕಲ್ಯಾಣ ಕರ್ನಾಟಕದ ಅಭ್ಯರ್ಥಿಗಳು ಉಪವಿಭಾಗದ ಸಹಾಯಕ ಆಯುಕ್ತರಿಂದ ಅರ್ಹತಾ ಪ್ರಮಾಣಪತ್ರ ಪಡೆದಿರಬೇಕು.

ಶುಲ್ಕ ಪಾವತಿ

ಅರ್ಜಿ ಸಂಖ್ಯೆ ದೊರೆತ ಮಾತ್ರಕ್ಕೆ ಅರ್ಜಿ ಪೂರ್ಣಗೊಂಡಿತೆಂದು ಭಾವಿಸಬಾರದು. ಬ್ಯಾಂಕ್ ಖಾತೆಯಿಂದ ಹಣ ಕಡಿತವಾಗಿಯೂ ಜಾಲತಾಣದಲ್ಲಿ ಪಾವತಿ ಬಾಕಿ ಎಂದು ತೋರಿಸುವುದುಂಟು. ಲೆಕ್ಕದ ಭಾಷೆಯಲ್ಲಿ ಹೇಳುವುದಾದರೆ, ಒಂದು ಕಡೆ ಖರ್ಚು ಬಿದ್ದ ಮಾತ್ರಕ್ಕೆ ಇನ್ನೊಂದು ಕಡೆ ಜಮೆ ಬಿದ್ದಿದೆ ಎಂದಲ್ಲ. ಪಾವತಿಯ ಸ್ಥಿತಿಯನ್ನು ಪುನಃ ಪರಿಶೀಲಿಸಿ, ಪಾವತಿ ವಿವರವಿರುವ ಅರ್ಜಿಯ ಮುದ್ರಿತ ಪ್ರತಿಯನ್ನು ಇಟ್ಟುಕೊಳ್ಳತಕ್ಕದ್ದು.

ಮೊಬೈಲ್ ಸಂಖ್ಯೆ ಮತ್ತು ಇತರ ವಿವರಗಳು

ಸೈಬರ್ ಕೇಂದ್ರಗಳಲ್ಲಿ ಅರ್ಜಿ ತುಂಬಿಸುವಾಗ ಕೆಲವೊಮ್ಮೆ ಕೇಂದ್ರದವರು ತಮ್ಮದೇ ಮೊಬೈಲ್ ಸಂಖ್ಯೆ, ಇ-ಮೇಲ್ ವಿಳಾಸ ನಮೂದಿಸಿಬಿಡುತ್ತಾರೆ. ಆಗ ಒಟಿಪಿ, ಪ್ರವೇಶಪತ್ರದ ಸೂಚನೆ ಎಲ್ಲವೂ ಅವರಿಗೇ ತಲುಪುತ್ತವೆ. ಅಭ್ಯರ್ಥಿಗೆ ತಿಳಿಯುವ ವೇಳೆಗೆ ಪರೀಕ್ಷೆ ಮುಗಿದಿರಬಹುದು. ತಮ್ಮ ಸ್ವಂತ ಸಂಖ್ಯೆಯನ್ನೇ ನೀಡಿ, ಪಾಸ್‌ವರ್ಡ್ ಬರೆದಿಟ್ಟುಕೊಳ್ಳಿ. ಹೆಸರು ಮತ್ತು ಜನ್ಮದಿನಾಂಕ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಇರಲಿ. ಸಲ್ಲಿಸುವ ಮುನ್ನ ಪರದೆಯ ಮೇಲಿನ ಪ್ರತಿಯೊಂದು ಸಾಲನ್ನು ತಾವೇ ಓದಿ ನೋಡಿ.

ಕೊನೆಯ ದಿನ ಜಾಲತಾಣ ನಿಧಾನಗೊಳ್ಳುವುದು ಸರ್ವೇಸಾಮಾನ್ಯ. ಅವಧಿ ವಿಸ್ತರಣೆಯಾದೀತೆಂದು ಕಾಯಬಾರದು.

ತೊಂದರೆ ಉಂಟಾದಲ್ಲಿ ಅಧಿಸೂಚನೆಯಲ್ಲಿರುವ ಸಹಾಯವಾಣಿಯನ್ನು ಸಂಪರ್ಕಿಸಿ, ಅರ್ಜಿ ಸಂಖ್ಯೆ, ಪಾವತಿ ಉಲ್ಲೇಖ ಸಂಖ್ಯೆ ಹಾಗೂ ದೋಷ ಕಾಣಿಸಿದ ಪರದೆಯ ಚಿತ್ರದೊಂದಿಗೆ ಕೊನೆಯ ದಿನಾಂಕದೊಳಗೆ ಲಿಖಿತ ದೂರು ಸಲ್ಲಿಸತಕ್ಕದ್ದು.